ಮೈಗೊತ್ತಿ ಇಟ್ಟುಕೋ

ವಾರಿಜಾ ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಚಳಿಯ ಕೆಲಸ. ವರ್ಷವಿಡೀ ಬೆವರು ಒರೆಸಿಕೊಂಡೇ ಬದುಕುವ ಪೆನಾಂಗಿನಲ್ಲಿ ಚಳಿಯ ಕೆಲಸ ಅಂದರೆ ಯಾರಾದರೂ ನಕ್ಕಾರು. ನಗಲಿ ಬಿಡಿ. ಬಯಾನ್ ಲೆಪಾಸಿನ ಅವಳ ಕಾರ್ಖಾನೆಯಲ್ಲಿ ಬೀರುವಿನಷ್ಟು ಎತ್ತರದ ಶೀತಪೆಟ್ಟಿಗೆಗಳಿದ್ದವು. ಫೋನಿಗೆ, ಪವರ್ ಬ್ಯಾಂಕಿಗೆ ಹೋಗುವ ಲಿಥಿಯಂ ಬ್ಯಾಟರಿಗಳನ್ನು ಅದರೊಳಗಿಟ್ಟು, ಸೊನ್ನೆಗಿಂತ ಕೆಳಗಿಳಿಸಿ, ಅವು ಎಷ್ಟು ಹೊತ್ತು ಜೀವ ಹಿಡಿದುಕೊಂಡಿರುತ್ತವೆ ಎಂದು ನೋಡುವುದು ಅವಳ ಉದ್ಯೋಗ. ಚಳಿಗೆ ಬ್ಯಾಟರಿ ಮಂಕಾಗುತ್ತದೆ, ಇರುವ ಚಾರ್ಜೂ ಇಲ್ಲವೆಂದು ಕೈಚೆಲ್ಲಿಬಿಡುತ್ತದೆ, ಬೆಚ್ಚಗಾದರೆ ಕೊಂಚ ಚೇತರಿಸಿಕೊಳ್ಳುತ್ತದೆ. ಆದರೆ ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಅದಕ್ಕೆ ಚಾರ್ಜು ತುಂಬಿಸಲು ಹೋದಿರೋ, ಒಳಗೆ ಲೋಹ ಪದರಗಟ್ಟಿ ಕೆಟ್ಟೇಹೋಗುತ್ತದೆ. ಅದಕ್ಕೇ ಒಳಗಿನ ಸರ್ಕ್ಯೂಟು ಅಂಥ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತದೆ, ಎಷ್ಟು ಚುಚ್ಚಿದರೂ ಚಾರ್ಜು ಒಳಗೆ ಹೋಗುವುದಿಲ್ಲ. ಇದನ್ನೆಲ್ಲ ಅವಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ಮಗಳಿಗೆ ಮಾತ್ರ ಹೇಳಿರಲಿಲ್ಲ. ಮಲೇಷ್ಯಾದಲ್ಲೇ ಹುಟ್ಟಿ ಬೆಳೆದ ಹುಡುಗಿಗೆ ಚಳಿ ಅಂದರೆ ಮಾಲಿನ ಏಸಿ. ಅವಳಿಗೆ ಇದೆಲ್ಲ ಯಾಕೆ ಬೇಕು ಅಂದುಕೊಂಡಿದ್ದಳು.

ಮಗಳು ವಿಸ್ಮಯಾ ಮೆಲಾಕಾದಲ್ಲಿ ಎರಡನೇ ವರ್ಷದ ಮೆಡಿಕಲ್ ಓದುತ್ತಿದ್ದಳು. ಡಿಸೆಂಬರ್ ರಜಕ್ಕೆ ಕ್ಲಾಸಿನ ಇಬ್ಬರ ಜೊತೆ, ಹಾಸನದ ಹೃತ್ವಿಕ್, ತುಮಕೂರಿನ ಭವ್ಯಶ್ರೀ, ಇವರ ಜೊತೆ ಇಂಡಿಯಾಕ್ಕೆ ಹೋಗಿದ್ದಳು. ಮೊದಲು ಮೈಸೂರಿನಲ್ಲಿ ಅಜ್ಜಿ ಗಿರಿಜಮ್ಮನ ಮನೆ, ಆಮೇಲೆ ಹಿಮ ನೋಡಲು ಹಿಮಾಚಲ. ಅಜ್ಜಿ ಮೊಮ್ಮಗಳಿಗೆ ತನ್ನ ಹೆಸರಿನಲ್ಲೇ ಒಂದು ಸಿಮ್ ಕೊಡಿಸಿ, ಆ ನಂಬರನ್ನು ಬಂಧುಬಳಗಕ್ಕೆಲ್ಲ ಹಂಚಿದ್ದರು. ನಂಬರು ಕೊಟ್ಟ ಮೇಲೆ ಕೇಳಬೇಕೆ? ದಿನಾ ಬೆಳಗಾದರೆ ಹತ್ತು ಜನ ಫೋನು ಮಾಡಿ ಕಾಫಿ ಆಯ್ತಾ ಎಂದು ವಿಚಾರಿಸುತ್ತಿದ್ದರು. ವಿಸ್ಮಯಾ ಎಲ್ಲರಿಗೂ ಇಂಗ್ಲಿಷಿನಲ್ಲೇ ಆಯ್ತು ಅನ್ನುತ್ತಿದ್ದಳು.

ಭಾನುವಾರ ಮಧ್ಯಾಹ್ನ ವಾರಿಜಾ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಮಗಳ ಫೋನು ಬಂತು.

"ಅಮ್ಮಾ, ಡೋಂಟ್ ಪ್ಯಾನಿಕ್ ಲಾ. ನಾವು ಸ್ಟಕ್ ಆಗಿದೀವಿ."

ಡೋಂಟ್ ಪ್ಯಾನಿಕ್ ಅಂದ ಮೇಲೆ ಯಾವ ತಾಯಿ ತಾನೇ ಸುಮ್ಮನಿದ್ದಾಳು? ಒಲೆ ಆರಿಸಿ, ಸೌಟು ಕೈಯಲ್ಲೇ ಹಿಡಿದು ನಿಂತಳು. ವಿಷಯ ಇಷ್ಟು: ಬೆಳಗಿನ ಜಾವ ಟ್ಯಾಕ್ಸಿಯಲ್ಲಿ ಒಂದು ಕಣಿವೆಯಿಂದ ಇನ್ನೊಂದು ಕಣಿವೆಗೆ ಹೊರಟಿದ್ದರು. ದಾರಿಯಲ್ಲಿ ಹಿಮ ಸುರಿದು ಗಾಡಿ ಹೂತುಕೊಂಡಿತು. ಡೀಸೆಲ್ಲು ಗಟ್ಟಿಯಾಯಿತೋ, ಗಾಡಿಯ ಬ್ಯಾಟರಿ ಸತ್ತಿತೋ, ಏನು ಮಾಡಿದರೂ ಸ್ಟಾರ್ಟ್ ಆಗಲಿಲ್ಲ. ಸಹಾಯ ಕರೆದುಕೊಂಡು ಬರುತ್ತೇನೆ, ಗಾಡಿ ಬಿಟ್ಟು ಇಳಿಯಬೇಡಿ ಎಂದು ಡ್ರೈವರ್ ನಡೆದು ಹೋದವನು ಬಂದಿಲ್ಲ. ಹೃತ್ವಿಕನ ಫೋನು ಹಿಮದ ವಿಡಿಯೋ ತೆಗೆದೂ ತೆಗೆದೂ ಆರಿಹೋಗಿದೆ. ಭವ್ಯಶ್ರೀಯದು ಹಿಂದಿನ ಹೋಟೆಲಿನಲ್ಲೇ ಉಳಿದಿದೆ. ಉಳಿದದ್ದು ವಿಸ್ಮಯಾಳ ಫೋನೊಂದೇ.

"ನಿನ್ನ ಫೋನ್ ಎಷ್ಟಿದೆ?"

"ಬೆಳಿಗ್ಗೆ ಸೆವೆಂಟಿ ಇತ್ತು. ಈಗ ತರ್ಟಿ ಏಟ್. ಪವರ್ ಬ್ಯಾಂಕ್ ಹಾಕಿದ್ರೆ ಟೆಂಪರೇಚರ್ ಟೂ ಲೋ ಅಂತಿದೆ ಅಮ್ಮಾ. ಹೃತ್ವಿಕ್ ಲೈಟರ್ ಇಂದ ವಾರ್ಮ್ ಮಾಡ್ತೀನಿ ಅಂತಾನೆ."

"ಅಯ್ಯೋ ಕರ್ಮವೇ! ಲೈಟರ್ ಹತ್ರ ತಂದ್ರೆ ಅವನ ಕೈ ಮುರೀತೀನಿ ಅಂತ ಹೇಳು! ಗಾಡೀನೇ ಹೊತ್ಕೊಳತ್ತೆ. ಕೇಳಿಸ್ಕೋ ಈಗ. ಲೊಕೇಶನ್ ಕಳಿಸು. ಕಳಿಸಿದ ತಕ್ಷಣ ಫೋನ್ ಆಫ್ ಮಾಡಿ, ಶರ್ಟಿನ ಒಳಗೆ, ಕಂಕುಳ ಹತ್ರ ಮೈಗೊತ್ತಿ ಇಟ್ಟುಕೋ. ಪವರ್ ಬ್ಯಾಂಕು ಹೃತ್ವಿಕ್ ಹೊಟ್ಟೆ ಮೇಲೆ ಕಟ್ಕೊಳ್ಳಲಿ. ಎರಡೂ ಬೆಚ್ಚಗಾಗೋ ತನಕ ಚಾರ್ಜಿಗೆ ಹಾಕಬೇಡ. ಒಂದು ಗಂಟೆ ಬಿಟ್ಟು ಆನ್ ಮಾಡಿ ನಂಗೊಬ್ಳಿಗೆ ಮಾತ್ರ ಫೋನ್ ಮಾಡು. ಮಧ್ಯೆ ಹೊರಗೆ ತೆಗೀಬೇಡ. ಗೊತ್ತಾಯ್ತಾ?"

"ಓಕೆ ಅಮ್ಮಾ. ಓಕೆ."

ವಾರಿಜಾ ಸೌಟು ಕೆಳಗಿಟ್ಟಳು. ಭಯವಾಗಿತ್ತು, ಆದರೂ ಇದು ಅವಳಿಗೆ ಗೊತ್ತಿದ್ದ ಕೆಲಸ. ಮೂವತ್ತೆಂಟು ಪರ್ಸೆಂಟು, ಮೈಶಾಖ, ಗಂಟೆಗೊಂದು ಕರೆ. ಇಷ್ಟನ್ನು ಜೋಪಾನ ಮಾಡಿದರೆ ನಾಳೆ ಬೆಳಗಿನ ತನಕವೂ ಫೋನು ಬದುಕುತ್ತದೆ. ಅಷ್ಟರಲ್ಲಿ ಯಾರಾದರೂ ಅವರನ್ನು ತಲುಪುತ್ತಾರೆ ಎಂದು ಲೆಕ್ಕ ಹಾಕಿದಳು.

ಆದರೆ ಆ ಲೆಕ್ಕದಲ್ಲಿ ಅವಳ ಗಂಡ ಇರಲಿಲ್ಲ.

ಗೋಪಿನಾಥ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಸಾಫ್ಟ್‌ವೇರ್ ಕಂಪನಿಯಲ್ಲಿ ನಲವತ್ತು ಜನರನ್ನು ಕುಣಿಸುವ ಮನುಷ್ಯ ಮಗಳ ವಿಷಯ ಬಂದರೆ ಬಾಳೆಯ ಎಲೆಯ ಹಾಗೆ ನಡುಗುತ್ತಿದ್ದ. ಹೆಂಡತಿ ಹಿಮಾಚಲದ ಪೊಲೀಸ್ ನಂಬರು ಹುಡುಕುತ್ತಿದ್ದಷ್ಟು ಹೊತ್ತಿನಲ್ಲಿ ಅವನು ಮೈಸೂರಿನ ಫ್ಯಾಮಿಲಿ ಗ್ರೂಪಿಗೂ ಪೆನಾಂಗಿನ ಕನ್ನಡಿಗರ ಗ್ರೂಪಿಗೂ ಒಂದು ಮೆಸೇಜು ಹಾಕಿದ: ಮಗಳು ಹಿಮದಲ್ಲಿ ಸಿಕ್ಕಿಕೊಂಡಿದ್ದಾಳೆ, ಹಿಮಾಚಲದಲ್ಲಿ ಯಾರಾದರೂ ಪರಿಚಯದವರಿದ್ದರೆ ದಯವಿಟ್ಟು ತಿಳಿಸಿ, ಅವಳ ನಂಬರು ಇದು.

ಹಿಮಾಚಲದಲ್ಲಿ ಯಾರಿಗೂ ಪರಿಚಯದವರಿರಲಿಲ್ಲ. ನಂಬರು ಮಾತ್ರ ಎಲ್ಲರಿಗೂ ಸಿಕ್ಕಿತು.

ನಮ್ಮವರ ಪ್ರೀತಿ ಅಂದರೆ ಸಾಮಾನ್ಯವೇ? ಕಷ್ಟದಲ್ಲಿರುವವರಿಗೆ ಫೋನು ಮಾಡದೇ ಇರುವುದು ನಮ್ಮಲ್ಲಿ ಅಪರಾಧ. ಮದುವೆಗೆ ಹೋಗದಿದ್ದರೂ ಕ್ಷಮೆ ಇದೆ, ಹುಷಾರಿಲ್ಲ ಎಂದು ತಿಳಿದೂ ಒಂದು ಮಾತು ವಿಚಾರಿಸಲಿಲ್ಲ ಅನ್ನಿಸಿಕೊಂಡರೆ ಜನ್ಮವಿಡೀ ಅದೇ ಮಾತು. ಹಾಗಾಗಿ ಎಲ್ಲರೂ ವಿಚಾರಿಸಿದರು. ವಿಚಾರಿಸಿದ್ದನ್ನು ಗ್ರೂಪಿನಲ್ಲಿ ವರದಿ ಮಾಡಿದರು. ದೇವದಾಸ ದೊಡ್ಡಪ್ಪ ಬರೆದ, 'ಈಗ ತಾನೆ ಮಾತಾಡಿದೆ, ಮಗು ಧೈರ್ಯವಾಗಿದೆ.' ಅದನ್ನು ನೋಡಿ ಚಿಕ್ಕಪ್ಪನಿಗೆ ತಾನು ಹಿಂದೆ ಬಿದ್ದೆನಲ್ಲ ಅನ್ನಿಸಿ ಅವನೂ ಮಾಡಿದ. ಅತ್ತೆಯೊಬ್ಬರು ಎರಡು ಸಲ ಪ್ರಯತ್ನಿಸಿ ಸಿಗದೆ ಮೂರನೆಯ ಸಲಕ್ಕೆ ಸಿಕ್ಕಳೆಂದು ಕೈಮುಗಿದ ಚಿತ್ರ ಹಾಕಿದರು. ಗ್ರೂಪಿನಲ್ಲಿ ಒಬ್ಬೊಬ್ಬರ ವರದಿ ಬಂದಾಗಲೂ ವಾರಿಜಾ ಹಲ್ಲು ಕಚ್ಚಿಕೊಂಡಳು. ಪ್ರತಿ ವರದಿಗೂ ಎರಡು ಮೂರು ಪರ್ಸೆಂಟು ಎಂದು ಅವಳಿಗೆ ಗೊತ್ತಿತ್ತು.

ಗಂಟೆ ಬಿಟ್ಟು ವಿಸ್ಮಯಾ ಫೋನು ಮಾಡಿದಾಗ ಅದು ಹದಿನಾರಕ್ಕೆ ಇಳಿದಿತ್ತು.

"ಆಫ್ ಮಾಡು ಅಂದಿದ್ನಲ್ಲೇ!"

"ಆಫ್ ಮಾಡೋಕೆ ಹೋದೆ ಅಮ್ಮಾ. ಅಷ್ಟರಲ್ಲಿ ಅಜ್ಜಿ ವಿಡಿಯೋ ಕಾಲ್ ಮಾಡಿದ್ರು. ಅಜ್ಜಿ ಕಾಲ್ ಹೇಗೆ ಕಟ್ ಮಾಡೋದು? ಶಿ ವಾಸ್ ಕ್ರೈಯಿಂಗ್. ಆಮೇಲೆ ದೊಡ್ಡಪ್ಪ. ಆಮೇಲೆ ಯಾರೋ ಸರೋಜ ಆಂಟಿ."

ಸರೋಜ ಆಂಟಿ ಆ ಹೊತ್ತಿಗೆ ವಾರಿಜಾಳ ಸೋಫಾದ ಮೇಲೇ ಕೂತಿದ್ದಳು. ಕೆಳಗಿನ ಮಹಡಿಯವಳು, ಕನ್ನಡಿಗರ ಗ್ರೂಪಿನಲ್ಲಿ ಮೆಸೇಜು ನೋಡಿ ಬೀದಿಯ ಮಾಮಕ್ ಹೋಟೆಲಿನಿಂದ ರೊಟ್ಟಿ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಓಡಿ ಬಂದಿದ್ದಳು. ಇಂಥ ದಿನ ಮನೆಯಲ್ಲಿ ಅಡುಗೆ ಆಗುವುದಿಲ್ಲ ಎಂದು ಅವಳಿಗೆ ಗೊತ್ತು. ಒಳ್ಳೆಯ ಹೆಂಗಸು.

"ಸುಮ್ನೆ ಒಂದು ಮಾತು ಧೈರ್ಯ ಹೇಳೋಣ ಅಂತ ಮಾಡಿದೆ ಕಣ್ರೀ," ಎಂದಳು ಸರೋಜ, ಮುಖ ಚಿಕ್ಕದು ಮಾಡಿಕೊಂಡು. "ಪಾಪ, ಎಷ್ಟು ಚೆನ್ನಾಗಿ ಮಾತಾಡಿದ್ಲು."

ಏನು ಹೇಳುವುದು ಇಂಥವರಿಗೆ? ರೊಟ್ಟಿ ತಂದವಳನ್ನು ಹೊರಗೆ ಹೋಗು ಅನ್ನಲಾಗುತ್ತದೆಯೇ? ವಾರಿಜಾ ಮಗಳಿಗೆ ಮತ್ತೆ ಅದೇ ಪಾಠ ಒಪ್ಪಿಸಿದಳು. ಪವರ್ ಬ್ಯಾಂಕು ಬೆಚ್ಚಗಾಗಿದೆಯೇ ಎಂದು ಕೇಳಿದಳು. ಬೆಚ್ಚಗಾಗಿತ್ತು, ಚಾರ್ಜೂ ಹತ್ತಿತು. ಆದರೆ ವಿಡಿಯೋ ತೆಗೆಯುವಾಗಲೇ ಹೃತ್ವಿಕ್ ಅದನ್ನು ಹೆಚ್ಚುಕಡಿಮೆ ಪೂರ್ತಿ ಹೀರಿದ್ದ. ನಾಲ್ಕೈದು ಪರ್ಸೆಂಟು ಕೊಟ್ಟು ಅದು ಆರಿಹೋಯಿತು. ಅದಾದ ಸ್ವಲ್ಪ ಹೊತ್ತಿಗೇ ಅಲ್ಲಿ ಡೇಟಾ ನಿಂತಿತು. ಕಳಿಸಿದ ಮೆಸೇಜುಗಳೆಲ್ಲ ಒಂದೇ ಟಿಕ್ಕಿನ ಗುರುತು ಹೊತ್ತು ಕೂತವು. ಮಾತು ಮಾತ್ರ ಹೇಗೋ ದಾಟಿ ಬರುತ್ತಿತ್ತು.

ಪೊಲೀಸರು ಸಿಕ್ಕರು. ನೇಗಿ ಎಂಬ ಹವಾಲ್ದಾರ. ಹೊರಗೆ ಗಾಳಿಯ ಸದ್ದಿನ ಮಧ್ಯೆ ನಿಧಾನವಾಗಿ, ಬಿಡಿಸಿ ಬಿಡಿಸಿ ಹಿಂದಿಯಲ್ಲಿ ಮಾತಾಡಿದ. ವಾರಿಜಾಳ ಮೈಸೂರು ಹಿಂದಿ ಅವನಿಗೆ ಹೇಗೋ ಅರ್ಥವಾಯಿತು. ಹಿಮ ತಳ್ಳುವ ಯಂತ್ರ ಹೊರಟಿದೆ, ನಾಲ್ಕು ಗಂಟೆಗೆ ಮೇಲಿನ ಕವಲಿನ ಹತ್ತಿರ ಇರುತ್ತೇವೆ, ಅಲ್ಲಿಂದ ನಾನೇ ಹುಡುಗಿಗೆ ಫೋನು ಮಾಡುತ್ತೇನೆ, ಆ ಹೊತ್ತಿಗೆ ಫೋನು ಆನ್ ಇರಲಿ ಎಂದ. ಭಾರತದ ನಾಲ್ಕು ಅಂದರೆ ಪೆನಾಂಗಿನಲ್ಲಿ ಆರೂವರೆ. ಮಗಳು ಮುಂದಿನ ಸಲ ಸಿಕ್ಕಾಗ ವಾರಿಜಾ ಅದನ್ನು ಮೂರು ಸಲ ಹೇಳಿಸಿ ಒಪ್ಪಿಸಿಕೊಂಡಳು. ನಾಲ್ಕರವರೆಗೆ ಪೂರ್ತಿ ಆಫ್. ನಾಲ್ಕಕ್ಕೆ ಆನ್. ಪೊಲೀಸರ ಜೊತೆ ಮಾತು. ಅಷ್ಟೇ.

"ಎಷ್ಟಿದೆ?"

"ಸಿಕ್ಸ್. ಅಮ್ಮಾ, ನಂಗೆ ಕಾಲು ಗೊತ್ತಾಗ್ತಿಲ್ಲ."

"ಶೂ ಬಿಚ್ಚಿ ಭವ್ಯಶ್ರೀ ಜೊತೆ ಒಂದೇ ಶಾಲು ಹೊದ್ಕೊಂಡು ಕೂತ್ಕೋ. ಆಫ್ ಮಾಡು ಕಂದ. ಆಫ್ ಮಾಡು."

ಆಫ್ ಆಯಿತು. ಅದಾಗಿ ಅರ್ಧ ಗಂಟೆಗೆ ನೇಗಿ ಮತ್ತೆ ಫೋನು ಮಾಡಿದ. ನೀವು ಕಳಿಸಿದ ಹುಡುಗಿಯ ಲೊಕೇಶನ್ ನೋಡಿದೆವು, ಆದರೆ ಅದು ನಿಖರವಾಗಿಲ್ಲ, ದೊಡ್ಡ ವೃತ್ತ, ಆ ವೃತ್ತದೊಳಗೆ ಎರಡು ರಸ್ತೆಗಳಿವೆ ಎಂದ. ಕವಲಿನಿಂದ ಎಡಕ್ಕೆ ಹೋದರೆ ಕೆಳಗೆ ನದಿ ಕಾಣುತ್ತದೆ, ಬಲಕ್ಕೆ ಹೋದರೆ ಬರೀ ದೇವದಾರು ಕಾಡು. ಇರುವುದು ಒಂದೇ ಯಂತ್ರ. ತಪ್ಪು ರಸ್ತೆ ಹಿಡಿದರೆ ಹಿಂದಿರುಗುವಷ್ಟರಲ್ಲಿ ಕತ್ತಲು, ಮತ್ತೆ ಬೆಳಗಿನ ತನಕ ಮೇಲೆ ಬಿಡುವುದಿಲ್ಲ. ಇವತ್ತು ರಾತ್ರಿ ಮೈನಸ್ ಹದಿನೈದು ಇರುತ್ತದೆ ಎಂದೂ ಹೇಳಿದ. ಹೇಳಬಾರದಿತ್ತು, ಆದರೆ ಹೇಳಿದ.

"ಗಾಡಿಯಿಂದ ನದಿ ಕಾಣುತ್ತದೋ, ಕಾಡು ಕಾಣುತ್ತದೋ. ಅಷ್ಟು ಗೊತ್ತಾದರೆ ಸಾಕು ಬಹೆನ್‌ಜೀ. ನಾನೇ ಕೇಳುತ್ತೇನೆ. ಲೈನ್ ಮಾತ್ರ ಖಾಲಿ ಇಡಿ."

ವಾರಿಜಾ ತಕ್ಷಣ ಮಗಳಿಗೆ ಮಾಡಿದಳು. ಸ್ವಿಚ್ ಆಫ್. ತಾನೇ ಹೇಳಿ ಮಾಡಿಸಿದ್ದು. ಮೆಸೇಜು ಬರೆದಳು, ಒಂದು ಟಿಕ್ ಬಿತ್ತು, ಅಲ್ಲಿಗೇ ನಿಂತಿತು.

ಆಮೇಲೆ ಅವಳು ಒಬ್ಬೊಬ್ಬರಿಗೂ ಫೋನು ಮಾಡಲು ಕೂತಳು. ನಾಲ್ಕು ಗಂಟೆಗೆ ಯಾರೂ ವಿಸ್ಮಯಾಗೆ ಫೋನು ಮಾಡಕೂಡದು ಎಂದು ಹೇಳಲು. ದೇವದಾಸ ಭಾವ, "ಅಷ್ಟೂ ಗೊತ್ತಾಗಲ್ವೇನಮ್ಮ ನಮಗೆ?" ಎಂದು ಮುನಿಸಿಕೊಂಡ. ಮುನಿಸಿಕೊಳ್ಳಲಿ ಎಂದಳು. ಚಿಕ್ಕಪ್ಪ ಆಣೆ ಮಾಡಿದ. ಕೊನೆಗೆ ಅತ್ತೆ ಗಿರಿಜಮ್ಮ.

"ಒಂದೇ ಒಂದ್ಸಲ ಧ್ವನಿ ಕೇಳ್ತೀನಿ ಕಣಮ್ಮ. ಹಲೋ ಅಂದು ಇಟ್ಬಿಡ್ತೀನಿ."

"ಬೇಡ ಅತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ. ಆ ಹಲೋಗೇ ಫೋನು ಆರಿಹೋಗತ್ತೆ. ಚಳೀಲಿ ಅದು ಪೂರ್ತಿ ಖಾಲಿ ಆಗೋವರೆಗೂ ಕಾಯಲ್ಲ, ನಾಲ್ಕು ಪರ್ಸೆಂಟ್ ಅಂತ ತೋರಿಸ್ತಿದ್ದಂಗೇ ಸತ್ತುಹೋಗತ್ತೆ."

ಗಿರಿಜಮ್ಮ ಅಳುತ್ತಲೇ, "ಮಾಡಲ್ಲ. ದೇವರ ಮುಂದೆ ಕೂತಿರ್ತೀನಿ, ಫೋನ್ ಅಡುಗೆಮನೇಲಿ ಇಟ್ಟಿರ್ತೀನಿ," ಎಂದರು. ಮಾತಿಗೆ ತಪ್ಪುವವರಲ್ಲ. ಅವರು ಹಾಗೇ ಮಾಡಿದರು ಎಂದು ಆಮೇಲೆ ತಿಳಿಯಿತು.

ಆರು ಗಂಟೆಗೆ ಸರೋಜ ಎದ್ದು ಹೋದಳು. ತಂದ ರೊಟ್ಟಿ ಕವರಿನಲ್ಲೇ ಬೆವೆತು ಮೆತ್ತಗಾಗಿತ್ತು. ಹೊರಗೆ ಇನ್ನೂ ಧಗಧಗ ಬಿಸಿಲು. ವಾರಿಜಾಳಿಗೆ ಕಾರ್ಖಾನೆಯ ಶೀತಪೆಟ್ಟಿಗೆಗಳ ಬಾಗಿಲು ನೆನಪಾಯಿತು. ಅದರಲ್ಲಿ ಒಂದು ಗಾಜಿನ ಕಿಂಡಿ ಇರುತ್ತದೆ. ಒಳಗೆ ಏನಾದರೂ ಕೆಟ್ಟರೆ ಗುಂಡಿ ಒತ್ತಿ, ಬಾಗಿಲು ತೆಗೆದು, ಕೈಗವಸು ಹಾಕಿಕೊಂಡು ಹೊರಗೆ ತೆಗೆಯಬಹುದು. ಇಷ್ಟು ವರ್ಷ ಚಳಿ ಅಂದರೆ ಅವಳಿಗೆ ಅಷ್ಟೇ ಆಗಿತ್ತು. ತನಗೆ ಗೊತ್ತಿದ್ದದ್ದೆಲ್ಲ ಮಗಳಿಗೆ ಹೇಳಿ ಮುಗಿದಿತ್ತು, ಇನ್ನು ಹೇಳಲು ಏನೂ ಉಳಿದಿರಲಿಲ್ಲ. ಅವಳಿಗೆ ಜೋರಾಗಿ ಅಳಬೇಕು ಅನ್ನಿಸಿತು. ಗಂಡ ಗಾಬರಿಯಾಗುತ್ತಾನೆ ಎಂದು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಬಾಯಿಗೆ ಟವೆಲು ಒತ್ತಿಕೊಂಡು ಅತ್ತಳು.

ಮುಖ ತೊಳೆದು ಹೊರಗೆ ಬಂದಾಗ ಆರೂವರೆ. ಗೋಪಿನಾಥ ಬಾಲ್ಕನಿಯಲ್ಲಿ ಬೆನ್ನು ಮಾಡಿ ನಿಂತಿದ್ದ. ಕಿವಿಗೆ ಫೋನು.

"ಏನಾದ್ರೂ ತಿಂದ್ಯಾ ಪುಟ್ಟಿ? ಬಿಸ್ಕತ್ತು ಇದ್ಯಾ?"

ವಾರಿಜಾ ಓಡಿ ಹೋಗಿ ಅವನ ಕೈ ಹಿಡಿದಳು.

"ಏನ್ರೀ ಮಾಡ್ತಿದೀರಾ? ಬುದ್ಧಿ ಇದೆಯೇನ್ರೀ ನಿಮಗೆ?"

ಅವನು ತಿರುಗಿದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಆನ್ ಮಾಡಿದಾಳಾ ಇಲ್ವಾ ಅಂತ ನೋಡೋಣ ಅಂತ ಒತ್ತಿದೆ ಕಣೇ. ರಿಂಗ್ ಆದ್ರೆ ಸಾಕು, ಕಟ್ ಮಾಡ್ತೀನಿ ಅಂದ್ಕೊಂಡೆ. ಎತ್ಬಿಟ್ಳು. ಅಪ್ಪಾ ಅಂದ್ಲು."

ವಾರಿಜಾ ಫೋನು ಕಿತ್ತುಕೊಂಡಳು. ಕಟ್ ಮಾಡುವುದಕ್ಕೇ ಕಿತ್ತುಕೊಂಡದ್ದು. ಕೆಂಪು ಗುರುತಿನ ಮೇಲೆ ಹೆಬ್ಬೆರಳು ಹೋಗಿಯೂ ಆಗಿತ್ತು. ಆ ಫೋನಿನೊಳಗಿಂದ ಸಣ್ಣಗೆ, "ಅಮ್ಮಾ? ಅಮ್ಮಾ, ಆರ್ ಯು ದೇರ್?" ಎಂದು ಕೇಳಿಸಿತು.

ಬೆರಳು ಒತ್ತಲಿಲ್ಲ. ಫೋನು ಕಿವಿಗೆ ಹೋಯಿತು.

"ಇದೀನಿ ಕಂದ. ಇಡು ಈಗ. ಪೊಲೀಸರು ಫೋನ್ ಮಾಡ್ತಾರೆ. ನಾನು ಇಡ್ತೀನಿ, ಆಯ್ತಾ?"

"ಅಮ್ಮಾ ಇಡಬೇಡ." ಹುಡುಗಿ ಬರೀ ಕನ್ನಡದಲ್ಲಿ ಹೇಳಿದಳು. ಮಾತಿಗೊಂದು ಇಂಗ್ಲಿಷು ಸೇರಿಸುವ ಹುಡುಗಿ. "ಇಡಬೇಡ ಅಮ್ಮಾ. ಭವ್ಯ ಸರಿಯಾಗಿ ಮಾತಾಡ್ತಿಲ್ಲ. ನಿದ್ದೆ ನಿದ್ದೆ ಅಂತಾಳೆ. ನಡುಗೋದೂ ನಿಂತುಹೋಗಿದೆ. ನಂಗೇನೂ ಗೊತ್ತಾಗ್ತಿಲ್ಲ. ನಾನು ಡಾಕ್ಟರ್ ಅಲ್ಲ ಅಮ್ಮಾ."

"ಅವಳನ್ನ ಮಲಗೋಕೆ ಬಿಡಬೇಡ. ಮಾತಾಡಿಸ್ತಾ ಇರು. ನಿಮ್ಮಿಬ್ಬರ ಮಧ್ಯೆ ಕೂರಿಸ್ಕೊಳಿ. ನಿನ್ನ ಕಿವಿ ಮುಚ್ಚಿದೀಯಾ? ನಾನು ಕೊಟ್ಟ ಕೆಂಪು ಸ್ಕಾರ್ಫ್ ಎಲ್ಲಿ?"

"ಭವ್ಯಂಗೆ ಕಟ್ಟಿದೀನಿ."

"ಒಳ್ಳೇ ಕೆಲಸ ಮಾಡಿದೆ. ಜಾಣೆ. ನನ್ನ ಜಾಣೆ ನೀನು. ಅವಳ ಕೈ ನಿನ್ನ ಕಂಕುಳಲ್ಲಿ ಇಟ್ಕೋ. ಬಂದೇ ಬಿಡ್ತಾರೆ ಕಂದ, ಹತ್ರದಲ್ಲೇ ಇದಾರೆ. ಹೆದರಬೇಡ. ಬಂದ ತಕ್ಷಣ ಬಿಸಿ ಬಿಸಿ ಕಾಫಿ ಕುಡೀವಿಯಂತೆ. ಸಾಕ್ಸ್ ಒದ್ದೆ ಆಗಿದ್ರೆ ಬಿಚ್ಚಿಬಿಡು. ಕೇಳಿಸ್ತಿದ್ಯಾ? ಪುಟ್ಟಿ?"

"ಹೂಂ. ಅಮ್ಮಾ, ನೀನು ಬೈಕೊಳ್ಳಲ್ಲ ಅಲ್ವಾ? ನಾವು ಬರಬಾರದಿತ್ತು—"

ಅಷ್ಟೇ. ಗಾಳಿಯ ಸದ್ದೂ ನಿಂತಿತು. ವಾರಿಜಾ ಫೋನು ಕಿವಿಯಿಂದ ತೆಗೆದು ನೋಡಿದಳು. ಮತ್ತೆ ಮಾಡಿದಳು. ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಎಂದು ಯಾರೋ ಹೆಂಗಸು ಹಿಂದಿಯಲ್ಲಿ ಹೇಳಿದಳು. ಇನ್ನೊಮ್ಮೆ ಮಾಡಿದಳು. ಅದೇ ಹೆಂಗಸು, ಅದೇ ಮಾತು.

ಸೋಫಾದ ಮೇಲಿದ್ದ ಅವಳ ಸ್ವಂತ ಫೋನು ಬಡಿದುಕೊಳ್ಳತೊಡಗಿತು. ನೇಗಿ. ಹಿಂದೆ ಯಂತ್ರದ ದೊಡ್ಡ ಸದ್ದು. ನಾಲ್ಕು ಗಂಟೆಯಿಂದ ಮಾಡುತ್ತಲೇ ಇದ್ದೇನೆ, ಎಂಗೇಜ್ ಬರುತ್ತಿತ್ತು, ಈಗ ಸ್ವಿಚ್ ಆಫ್ ಬರುತ್ತಿದೆ, ಯಾರು ಮಾತಾಡುತ್ತಿದ್ದರು ಎಂದು ಕೇಳಿದ.

"ನಾವೇ," ಎಂದಳು ವಾರಿಜಾ. "ಅವಳ ಅಪ್ಪ. ಆಮೇಲೆ ನಾನು."

ಬೈಯುತ್ತಾನೆ ಎಂದುಕೊಂಡಳು. ಅವನು ಬೈಯಲಿಲ್ಲ. ಅವನ ದನಿಯಲ್ಲಿ ಸಮಾಧಾನವೇ ಇತ್ತು.

"ಒಳ್ಳೆಯದೇ ಆಯಿತು. ನೀವೇ ಮಾತಾಡಿದಿರಲ್ಲ. ಹೇಳಿ ಬಹೆನ್‌ಜೀ, ನಾವು ಕವಲಿನಲ್ಲೇ ನಿಂತಿದ್ದೇವೆ. ನದಿಯೋ, ಕಾಡೋ?"

ವಾರಿಜಾ ಗಂಡನ ಮುಖ ನೋಡಿದಳು. ಅವನಿಗೆ ಹಿಂದಿ ಅರ್ಥವಾಗಿತ್ತು. ಅವನು ಬಾಲ್ಕನಿಯ ಕಂಬಿ ಹಿಡಿದುಕೊಂಡ.

"ಕೇಳಲಿಲ್ಲ," ಎಂದಳು.

ಆ ಕಡೆ ಯಂತ್ರದ ಸದ್ದಿನ ನಡುವೆ ನೇಗಿ ಯಾರೊಂದಿಗೋ ಫೋನಿನಿಂದಾಚೆ ಏನೋ ಮಾತಾಡಿದ. ಮತ್ತೆ ಬಂದ.

"ಸರಿ. ಎಡಕ್ಕೆ ಹೋಗುತ್ತೇವೆ."

"ಎಡಕ್ಕೆ ಯಾಕೆ? ಗೊತ್ತಾಯಿತೇ? ಏನಾದರೂ ಕಂಡಿತೇ ನಿಮಗೆ?"

"ಏನೂ ಕಂಡಿಲ್ಲ ಬಹೆನ್‌ಜೀ," ಎಂದ ಹವಾಲ್ದಾರ. "ಯಾವುದಾದರೂ ಒಂದು ಕಡೆ ಹೋಗಲೇಬೇಕಲ್ಲ."